ಹನ್ನೊಂದು ಮಿಲಿಮೀಟರ್

ಡೊರೊತಿ ಮಿನೇಜಸ್ ಅವರ ಕಣ್ಣು ತಪ್ಪಿಸಿ ಒಂದು ತಪ್ಪೂ ಹೊರಗೆ ಹೋಗುವುದಿಲ್ಲ ಎನ್ನುವುದು ದೋಹಾದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹಳೆಯ ಮಾತು. ಉಡುಪಿ ಬಳಿಯ ಶಿರ್ವದಿಂದ ಬಂದು ಅಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಮೊದಲೆಲ್ಲ ಡಾಕ್ಟರು ರೆಕಾರ್ಡ್ ಮಾಡಿದ್ದನ್ನು ಹೆಡ್‌ಫೋನ್ ಸಿಕ್ಕಿಸಿಕೊಂಡು ಅವರೇ ಟೈಪ್ ಮಾಡುತ್ತಿದ್ದರು. ಈಗ ಡಾಕ್ಟರ ಮಾತನ್ನು ಕಂಪ್ಯೂಟರೇ ಬರೆದುಕೊಳ್ಳುತ್ತದೆ. ಅದು ಕೇಳಿಸಿಕೊಂಡದ್ದು ಸರಿಯೋ ಎಂದು ನೋಡುವುದು ಡೊರೊತಿಯವರ ಪಾಲಿಗೆ ಬಂದ ಕೆಲಸ. ಎಡಗಾಲನ್ನು ಬಲಗಾಲು ಮಾಡಿ, ಗಂಡಸಿಗೆ ಗರ್ಭಕೋಶ ಕೊಟ್ಟು ಅದು ಮಾಡುವ ಅವಾಂತರಗಳನ್ನು ತಿದ್ದಿ, ಊಟದ ಹೊತ್ತಿಗೆ ರಿಸೆಪ್ಷನಿನ ಮುಫೀದಾಳಿಗೆ ಹೇಳಿ ನಗಿಸುತ್ತಿದ್ದರು.

ಕಳೆದ ನವೆಂಬರಿನಲ್ಲಿ ಅವರಿಗೇ ಸೊಂಟದ ಬಲಗಡೆ ನೋವು ಹಿಡಿಯಿತು. ಮೂತ್ರಕೋಶದ ಹಾದಿಯಲ್ಲಿ ಕಲ್ಲು ಇರಬಹುದೆಂದು ತಮ್ಮ ಸೆಂಟರಿನಲ್ಲೇ ಸಿಟಿ ಸ್ಕ್ಯಾನ್ ಮಾಡಿಸಿಕೊಂಡರು. ಸ್ವಂತ ರಿಪೋರ್ಟನ್ನು ತಾವೇ ಮುಟ್ಟಬಾರದು ಎನ್ನುವುದು ಅಲ್ಲಿನ ನಿಯಮ. ಅವರ ಬದಲಿಗೆ ನೋಡಬೇಕಾದವಳು ಆ ದಿನ ರಜೆಯಲ್ಲಿದ್ದಳು. ಹಾಗಾಗಿ ಅದೊಂದು ರಿಪೋರ್ಟು ಯಾರ ಕಣ್ಣಿಗೂ ಬೀಳದೆ ನೇರವಾಗಿ ಮೊಬೈಲಿಗೆ ಹೋಯಿತು, ಅದೂ ಗಂಡ ರೊನಾಲ್ಡ್ ಅವರ ಮೊಬೈಲಿಗೆ; ಫಾರಂನಲ್ಲಿ ಕೊಟ್ಟಿದ್ದ ನಂಬರು ಅವರದು.

ರೊನಾಲ್ಡ್ ದೋಹಾದಿಂದ ದೂರದ ದುಖಾನಿನ ಎಣ್ಣೆ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ವಾರವಿಡೀ ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದು, ಗುರುವಾರ ಸಂಜೆ ದೋಹಾದ ಐನ್ ಖಾಲಿದಿನ ಮನೆಗೆ ಬರುವವರು. ಸೋಮವಾರ ಹತ್ತೂವರೆಗೆ ಅವರ ಫೋನ್ ಬಂತು.

"ಡೊರೊ, ಕೂತಿದ್ದಿಯಾ ನೀನು?"

"ಆಫೀಸಲ್ಲಿ ಕೂತೇ ಅಲ್ವಾ ಕೆಲಸ ಮಾಡುದು. ಎಂತಾಯ್ತು?"

"ರಿಪೋರ್ಟ್ ಬಂದಿದೆ. ಪ್ಯಾಂಕ್ರಿಯಾಸಲ್ಲಿ ಸಿಸ್ಟ್ ಅಂತೆ. ಹನ್ನೊಂದು ಸೆಂಟಿಮೀಟರ್. ನಾನು ಹೊರಟೆ. ಸೂಪರ್‌ವೈಸರಿಗೆ ಹೇಳಿ ಆಯ್ತು, ಇವತ್ತು ಡ್ಯೂಟಿ ಖಲಾಸ್."

ಡೊರೊತಿಯವರ ಒಳಗೆ ಇಪ್ಪತ್ತೆರಡು ವರ್ಷದ ಅಭ್ಯಾಸ ಎಚ್ಚರಾಯಿತು. ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಹೊಟ್ಟೆಯ ಹಿಂದೆ ಅಡ್ಡ ಮಲಗಿರುವ, ಒಂದು ಗೇಣಿಗೂ ಕಡಿಮೆ ಉದ್ದದ ವಸ್ತು. ಅದರಲ್ಲಿ ಹನ್ನೊಂದು ಸೆಂಟಿಮೀಟರಿನ ನೀರುಗುಳ್ಳೆಯೇ?

"ರೊನಾಲ್ಡ್, ಹನ್ನೊಂದು ಸೆಂಟಿಮೀಟರ್ ಅಂದ್ರೆ ಹೆಚ್ಚುಕಮ್ಮಿ ಒಂದು ತೆಂಗಿನಕಾಯಿ. ಅದು ಒಳಗಿದ್ರೆ ನನಗೆ ಈ ಸ್ಕರ್ಟ್ ಹಾಕ್ಲಿಕ್ಕೆ ಆಗ್ತಿತ್ತಾ? ನಿಧಾನ ಗಾಡಿ ಬಿಡಿ. ಬರುವಷ್ಟರಲ್ಲಿ ನೋಡಿ ಹೇಳ್ತೇನೆ."

ಅವರು ರಿಪೋರ್ಟನ್ನು ತೆರೆಯಲಿಲ್ಲ. ಎದ್ದು ಸೀದಾ, ತನ್ನ ಸ್ಕ್ಯಾನ್ ನೋಡಿ ರಿಪೋರ್ಟ್ ಕೊಟ್ಟಿದ್ದ ಡಾಕ್ಟರ್ ಮಹಮೂದ್ ಅವರ ಕತ್ತಲೆ ಕೋಣೆಗೆ ಹೋಗಿ, "ಡಾಕ್ಟರ್, ನನ್ನ ಸ್ಕ್ಯಾನಿನ ಅಳತೆ ಇನ್ನೊಮ್ಮೆ ನೋಡ್ತೀರಾ?" ಎಂದರು. ಡಾಕ್ಟರು ರಿಪೋರ್ಟ್ ಓದಿ ಹಣೆ ಚಚ್ಚಿಕೊಂಡರು.

"ನಾನು ಮಿಲಿಮೀಟರ್ ಅಂದದ್ದು! ಓದದೆ ಸಹಿ ಹಾಕಿದೆ. ತಪ್ಪು ನನ್ನದು."

ಅಲ್ಲೇ ತಿದ್ದುಪಡಿ ಬರೆದು, ಚಿತ್ರವನ್ನೂ ತೆರೆದು ತೋರಿಸಿದರು. ಬೂದು ಬಣ್ಣದ ಗ್ರಂಥಿಯ ನಡುವೆ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ. ಈ ಪದಗಳನ್ನು ಡೊರೊತಿ ಸಾವಿರ ಸಲವಾದರೂ ಟೈಪ್ ಮಾಡಿದ್ದರು, ವಸ್ತುವನ್ನು ನೋಡಿದ್ದು ಇದೇ ಮೊದಲು. ತೆಂಗಿನಕಾಯಿ ಹೋಯಿತು, ಆದರೆ ಕಡಲೆಕಾಳು ಅಲ್ಲೇ ಇತ್ತು. ಪ್ಯಾಂಟ್ರಿಗೆ ಬಂದು ಚಹಾ ಮಾಡಿಕೊಂಡು ಅದಕ್ಕೆ ಎರಡೆರಡು ಸಲ ಸಕ್ಕರೆ ಹಾಕಿದರು. ತಾನು ರಿಪೋರ್ಟ್ ಟೈಪ್ ಮಾಡಿ ಕಳಿಸಿದ ಅಷ್ಟು ಜನ ಮುಂದೆ ಏನಾದರು ಎಂದು ಯಾವತ್ತೂ ಕೇಳಿರಲಿಲ್ಲವಲ್ಲ ಎಂದು ಆಗ ಹೊಳೆಯಿತು.

ಮುಫೀದಾ ಪಕ್ಕ ಬಂದು ನಿಂತಳು. "ಹೆದರಿಕೆ ಆಗ್ತಾ ಉಂಟಾ ಅಕ್ಕ?"

"ಸ್ವಲ್ಪ. ಆದ್ರೆ ಹೆದರುವ ಮೊದಲು ಕೇಳ್ಲಿಕ್ಕಿರುವುದು ತುಂಬ ಉಂಟು."

ಬುಧವಾರ ಗಂಡಹೆಂಡತಿ ಜೀರ್ಣಾಂಗದ ತಜ್ಞ ಡಾಕ್ಟರ್ ಝಕರಿಯಾ ಅವರ ಎದುರು ಕುಳಿತರು. ಅಳತೆ ತಪ್ಪೆಂದು ತಿಳಿದ ಮೇಲೂ ರೊನಾಲ್ಡ್ ತೀರ್ಮಾನಿಸಿಯಾಗಿತ್ತು: ಇಬ್ಬರೂ ರಾಜೀನಾಮೆ ಕೊಡುವುದು, ಊರಿಗೆ ಹೋಗುವುದು, ಮಂಗಳೂರಿನಲ್ಲಿ ಆಪರೇಷನ್ ಮಾಡಿಸುವುದು.

"ನಮ್ಮ ಸ್ಟೋರಿನವರೊಬ್ಬರು ಪ್ಯಾಂಕ್ರಿಯಾಸ್ ಅಂತ ಹೇಳಿ ಮೂರು ತಿಂಗಳಲ್ಲಿ ಹೋದ್ರು ಡಾಕ್ಟ್ರೇ. ಇದನ್ನು ತೆಗೆದುಬಿಡಿ."

"ಅವರಿಗೆ ಇದ್ದದ್ದು ಕ್ಯಾನ್ಸರ್ ಗಡ್ಡೆ ಇರಬೇಕು. ಇದು ನೀರು ತುಂಬಿದ ಸಣ್ಣ ಚೀಲ," ಎಂದರು ಡಾಕ್ಟರು. "ಐವತ್ತು ದಾಟಿದವರನ್ನು ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಇಂಥದ್ದು ಎಷ್ಟೋ ಜನರಲ್ಲಿ ಕಾಣುತ್ತದೆ. ಹೆಚ್ಚಿನವು ಏನೂ ಮಾಡದೆ ಹಾಗೇ ಇರುತ್ತವೆ. ಕೆಲವು ಜಾತಿಯವು ಮಾತ್ರ ವರ್ಷಗಳ ನಂತರ ಕೆಡಬಹುದು. ಅದಕ್ಕೇ ಕಣ್ಣಿಡುವುದು. ಆ ಗ್ರಂಥಿಯ ಆಪರೇಷನ್ ಸಣ್ಣದಲ್ಲ. ಕಡಲೆಕಾಳಿಗಾಗಿ ಅದನ್ನು ಮಾಡಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ."

ಡೊರೊತಿ ಬ್ಯಾಗಿನಿಂದ ಚೀಟಿ ತೆಗೆದರು. "ಒಳಗೆ ಗಟ್ಟಿ ಗಂಟು ಉಂಟಾ ಡಾಕ್ಟರ್? ಗ್ರಂಥಿಯ ಮುಖ್ಯ ನಾಳ ಅಗಲ ಆಗಿದೆಯಾ?"

ಡಾಕ್ಟರು ನಕ್ಕರು. "ಸರಿಯಾದದ್ದನ್ನೇ ಕೇಳಿದಿರಿ, ಕೆಡುವುದರ ಗುರುತು ಅವೇ. ಸಿಟಿಯಲ್ಲಿ ಎರಡೂ ಕಾಣುತ್ತಿಲ್ಲ. ಎಂಆರ್‌ಐ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ." ಆಮೇಲೆ ಅವರೂ ಕೇಳಿದರು: ಮನೆಯಲ್ಲಿ ಯಾರಿಗಾದರೂ ಈ ಗ್ರಂಥಿಯ ಕ್ಯಾನ್ಸರ್ ಆಗಿತ್ತೇ, ತೂಕ ಇಳಿದಿದೆಯೇ, ಕಾಮಾಲೆ ಬಂದಿತ್ತೇ, ಹೊಸದಾಗಿ ಸಕ್ಕರೆ ಕಾಯಿಲೆ ಶುರುವಾಗಿದೆಯೇ? ಎಲ್ಲದಕ್ಕೂ ಇಲ್ಲ ಎಂದರು ಡೊರೊತಿ. "ತೂಕ ಇಳಿದಿದ್ರೆ ನಾನು ಪಾರ್ಟಿ ಮಾಡ್ತಿದ್ದೆ," ಎಂದಾಗ ರೊನಾಲ್ಡ್ ಕೂಡ ಎರಡು ದಿನದಲ್ಲಿ ಮೊದಲ ಸಲ ನಕ್ಕರು.

ಎಂಆರ್‌ಐಯಲ್ಲಿ ಗುಳ್ಳೆಯ ಗೋಡೆ ತೆಳ್ಳಗಿತ್ತು, ಗಂಟು ಇರಲಿಲ್ಲ, ನಾಳ ಸರಿಯಾಗಿತ್ತು. ಆರು ತಿಂಗಳು ಬಿಟ್ಟು ಇನ್ನೊಮ್ಮೆ ಎಂದರು ಡಾಕ್ಟರು. ಮಧ್ಯೆ ಹಳದಿ ಕಣ್ಣು, ವಿಪರೀತ ಹೊಟ್ಟೆನೋವು ಏನಾದರೂ ಬಂದರೆ ತಡಮಾಡದೆ ಬರಬೇಕು. ಕಿಡ್ನಿಯ ಕಲ್ಲು ಅಷ್ಟರಲ್ಲಿ ತನ್ನಷ್ಟಕ್ಕೇ ಇಳಿದುಹೋಗಿ, ಅದರ ಸುದ್ದಿಯೇ ಎಲ್ಲರಿಗೂ ಮರೆತಿತ್ತು.

ಎಂಆರ್‌ಐ ರಿಪೋರ್ಟ್ ಬಂದ ಮಾರನೆಯ ದಿನವೇ ಡೊರೊತಿ ಡಾಕ್ಟರ್ ಮಹಮೂದ್ ಅವರಲ್ಲಿಗೆ ಹೋದರು. "ಸಿಸ್ಟ್ ಉಂಟು ಅಂತ ಬರೆದು ಬಿಟ್ಟುಬಿಡ್ತೀರಿ. ಓದಿದವರು ಮುಂದೆ ಎಂತ ಮಾಡ್ಬೇಕು? ನನ್ನ ಗಂಡ ದುಖಾನಿಂದ ಓಡಿ ಬಂದ ಹಾಗೆ ಎಲ್ಲರೂ ಓಡ್ಬೇಕಾ?"

"ನೀವು ಹೇಳುವುದು ಸರಿ," ಎಂದರು ಡಾಕ್ಟರು. ಆ ವಾರದಿಂದ ಅಂಥ ರಿಪೋರ್ಟುಗಳ ಕೊನೆಗೆ ಎರಡು ಸಾಲು ಸೇರಿತು: ಯಾವ ತಜ್ಞರನ್ನು ಕಾಣಬೇಕು, ಎಷ್ಟು ಸಮಯದೊಳಗೆ. ಸಾಲು ಇಲ್ಲದೆ ಬಂದದ್ದನ್ನು ಡೊರೊತಿ ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದರು. ಸ್ವಂತ ರಿಪೋರ್ಟಿನ ಬಗ್ಗೆಯೂ ಒಂದು ಹಟ ಹಿಡಿದು ಗೆದ್ದರು. ಸಿಬ್ಬಂದಿಯದಾದರೂ ಇನ್ನೊಬ್ಬರು ಓದದೆ ಯಾವ ರಿಪೋರ್ಟೂ ಹೊರಗೆ ಹೋಗಕೂಡದು.

ಮೇ ತಿಂಗಳ ಸ್ಕ್ಯಾನಿನಲ್ಲಿ ಗುಳ್ಳೆ ಒಂದು ಕೂದಲಿನಷ್ಟೂ ಬೆಳೆದಿರಲಿಲ್ಲ. ಇನ್ನು ಒಂದೂವರೆ ವರ್ಷ ಬಿಟ್ಟು ಬನ್ನಿ ಎಂದರು ಡಾಕ್ಟರ್ ಝಕರಿಯಾ.

ಹೊರಗೆ ಕಾರಿನ ಬಳಿ ರೊನಾಲ್ಡ್ ಕೇಳಿದರು, "ಮತ್ತೆ ಊರಿಗೆ ಹೋಗುದು?"

"ಕ್ರಿಸ್ಮಸ್ಸಿಗೆ ಹೋಗುವ, ಹದಿನೈದು ದಿನ. ಸೆಂಟರಿನ ಕಾಂಟ್ರಾಕ್ಟ್ ಇನ್ನೆರಡು ವರ್ಷಕ್ಕೆ ನಿನ್ನೆಯೇ ಸಹಿ ಹಾಕಿದ್ದೇನೆ."

"ರಿಸಲ್ಟ್ ಬರುವ ಮೊದಲೇ?"

"ಹೌದು," ಎಂದು ಡೊರೊತಿ ಬಾಗಿಲು ತೆರೆದು ಕುಳಿತರು. "ಯಲ್ಲಾ, ಬೇಗ ಬಿಡಿ. ಹತ್ತು ಗಂಟೆಯ ರಿಪೋರ್ಟುಗಳು ಬಂದಾಗಿದೆ."