ತಾತನ ಅಳತೆಯ ಬಾಕ್ಸ್

ಇವತ್ತು ಬೆಳಿಗ್ಗೆ ದಿವಾನ್ ಮೇಲಿನ ಬೆಡ್‌ಶೀಟ್ ತೆಗೆದ್ರೆ, ಕಿಟಕಿ ಪಕ್ಕ ತಾತ ಕೂತೂ ಕೂತೂ ಆಗಿದ್ದ ಗುಂಡಿ ಹಂಗೇ ಇತ್ತು. ತಾತ ಹೋಗಿ ಮೂರು ವರ್ಷ ಗುರು. ಒಂದು ಸಿಟಿ ಬಸ್ ನಿಲ್ಲಿಸೋವಷ್ಟು ಗುಂಡಿ. ನೋಡ್ತಿದ್ದಂಗೆ ಅಕ್ಕನ ಲ್ಯಾಪ್‌ಟಾಪ್ ನೆನಪಾಯ್ತು.

ತಾತ ತೀರ್ಕೊಂಡ ವರ್ಷಾನೇ ನಡೆದಿದ್ದು ಅದು. ಅಕ್ಕ ವಿದ್ಯಾರಣ್ಯಪುರದ ನಮ್ಮನೇಲೇ ಕೂತು ಜಾವಾದಲ್ಲಿ ವೆಬ್ ಪೇಜ್ ಕಟ್ಟೋ ಕೆಲಸ ಮಾಡ್ತಿದ್ಲು. ಅವತ್ತು ಮೂರು ಗಂಟೆಗೆ ಡೆಮೊ. ಕೆಟ್ರೆ ಕೆಲಸ ಪರ್ಮನೆಂಟ್ ಆಗಲ್ಲ. ಯಾವ್ದಾದ್ರೂ ಹೆಸರು ತೆಗೆಯೋಕ್ ಹೋದ್ರೆ ಆ ಹೆಸರು ತೋರಿಸಿ 'ಅಳಿಸಲಾ?' ಅಂತ ಡೈಲಾಗ್ ಬಾಕ್ಸ್ ಬರ್ಬೇಕು, ಕೆಳಗೆ 'ಹೌದು', 'ಬೇಡ' ಅಂತ ಎರಡು ಬಟನ್.

ನಮ್ಮನೇಲಿ ಹೊಸ ನೋಟ್‌ಬುಕ್ ತಂದ್ರೂ ಮೊದಲು ತಾತನ ಹೆಸರು ಬರೀಬೇಕು. ಅಕ್ಕ ಟೆಸ್ಟ್‌ಗೂ ಅದನ್ನೇ ಹಾಕಿದ್ಲು, ತಾತ ಸೈನ್ ಮಾಡ್ತಿದ್ದಂಗೇ: ಚಿಕ್ಕಬಾಣಾವರಮುನಿಶಾಮಪ್ಪನವರಮಗಹನುಮಂತರಾಯಪ್ಪ. ಮಧ್ಯೆ ಜಾಗ ಬಿಟ್ರೆ ಯಾರಾದ್ರೂ ಏನಾದ್ರೂ ಸೇರಿಸಿಬಿಡ್ತಾರೆ ಅಂತ ತಾತಂಗೆ ಭಯ. ಗೂಡ್ಸ್ ರೈಲಿನಂಥಾ ಹೆಸರು, ಎಲ್ಲೂ ಮುರಿಯೋಕಾಗಲ್ಲ. ಬಾಕ್ಸ್ ಹಿಗ್ಗೀ ಹಿಗ್ಗೀ 'ಬೇಡ' ಬಟನ್ ಸ್ಕ್ರೀನ್ ಆಚೆ ಹೋಗಿತ್ತು.

ಅಕ್ಕ ನೀರು ಕುಡಿಯೋಕೆ ಎದ್ಲು. ಒಂಬತ್ತನೇ ಕ್ಲಾಸಿನ ಮಹಾಪಂಡಿತ ನಾನು ಸುಮ್ನಿರ್ತೀನಾ, ಕಾಣ್ತಿದ್ದ ಒಂದೇ ಬಟನ್ ಒತ್ತಿದೆ. ತಾತನ ಹೆಸರು ಹೋಯ್ತು. ಕೆಳಗಿದ್ದ 'ರವಿ'ನೂ ಅಳಿಸೋಣ ಅಂತ ಹೋದೆ. ಬಾಕ್ಸ್ ಬಂತು. ಎರಡಕ್ಷರದ ರವಿ ಒಂದು ಮೂಲೇಲಿ ಮುದುರ್ಕೊಂಡಿದ್ದ. ಉಳಿದಿದ್ದೆಲ್ಲಾ ಖಾಲಿ, ಸರಿಯಾಗಿ ತಾತನ ಹೆಸರಿನಷ್ಟೇ ಉದ್ದ. ಯಾರೋ ಕೂತಿದ್ದಾರೆ, ನಂಗೆ ಕಾಣ್ತಿಲ್ಲ, ಅಷ್ಟೇ ಅನ್ನೋ ಥರ. 'ಬೇಡ' ಇನ್ನೂ ಆಚೇನೇ. ಮಧ್ಯಾಹ್ನದ ಬಿಸಿಲಲ್ಲೇ ನನ್ನ ಮೀಸೇಲಿದ್ದ ಐದೂ ಕೂದಲು ಎದ್ದು ನಿಂತ್ವು.

"ಅಕ್ಕಾ, ತಾತ ಹೋಗಿಲ್ಲ" ಅಂದೆ.

ಅಕ್ಕ ಬಂದು ನೋಡಿದ್ಲು. ನಗಲಿಲ್ಲ. "ಮೊದಲ್ನೇ ಸಲ ತೆರೆದಾಗ್ಲೇ ಬಾಕ್ಸ್ ಅಳತೆ ತಗೊಂಡಿದೆ ಕಣೋ. ಒಳಗಿದ್ದೋರು ಹೋದ್ರು ಅಂತ ಅದಕ್ಕೆ ಗೊತ್ತಾಗಲ್ಲ. ನಾವೇ ಹೇಳ್ಬೇಕು."

ತೆರೆದಾಗೆಲ್ಲ ಹೊಸದಾಗಿ ಅಳೀಬೇಕು, ಉದ್ದ ಹೆಸರಾದ್ರೆ ಮುರಿದು ಕೆಳಗೆ ಇಳಿಸ್ಬೇಕು ಅಂತ ಎರಡು ಸಾಲು ಬರೆದ್ಲು. ಬಾಕ್ಸ್ ರವಿಯಷ್ಟಕ್ಕೆ ಕುಗ್ಗಿ, 'ಬೇಡ' ಒಳಗೆ ಬಂತು. ಡೆಮೊ ಆಯ್ತು, ಕೆಲಸ ಉಳೀತು. ಅದು ಕುಗ್ಗಿದ್ದು ನೋಡಿ ನಂಗೆ ಮಾತ್ರ ಯಾರನ್ನೋ ಎಬ್ಬಿಸಿ ಕಳಿಸ್ದಂಗಾಯ್ತು.

ಇವತ್ತು ಹಾಸಿಗೆ ತಿರುಗಿಸಿ ಹಾಕ್ಲಾ ಅಂತ ಅಜ್ಜೀನ ಕೇಳ್ದೆ.

"ಬೇಡ" ಅಂದ್ಲು.

ಬೆಡ್‌ಶೀಟ್ ಸರಿಮಾಡ್ತಾ ಗುಂಡಿ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಅಜ್ಜಿ ಈಗಷ್ಟೇ ಎದ್ದಿರ್ಬೇಕು ಅನ್ಕೊಂಡೆ. ಆದ್ರೆ ಅಜ್ಜಿ ಅಲ್ಲಿ ಯಾವತ್ತೂ ಕೂರಲ್ಲ.

ನಾನೂ ಗುಂಡಿಯಷ್ಟು ಜಾಗ ಬಿಟ್ಟು ಕೂತೆ.