ಕಾಮಣ್ಣನಿಗೆ ಕೊಟ್ಟ ಬೇಲಿ

ನಮ್ಮ ಮೊಮ್ಮಗಳಿಗೆ ಸರಕಾರಿ ಸಾಲೆಯಲ್ಲಿ ನೌಕರಿ ಸಿಕ್ಕಿದೆ. ಬಬಲೇಶ್ವರದಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಇನ್ನು ಪಾಠ ಹೇಳುವ ಅಕ್ಕೋರು ಅವಳೇ. ನಿನ್ನೆ ಕಾಗದ ಕೈಗೆ ಬಂದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ವಿಜಯಪುರದ ಜೋರಾಪುರ ಪೇಟೆಯ ನಮ್ಮ ಓಣಿಯ ಮನೆಮನೆಗೆ ಸಕ್ಕರೆ ಹಂಚಿ ಬಂದೆ. ಕೆಲವು ಮನೆಗಳಿಗೆ ಎರಡೆರಡು ಸಲ ಹೋದೆನೆಂದು ಸೊಸೆ ಹೇಳುತ್ತಾಳೆ. ಹೋಗಿರಬಹುದು. ಮೂರನೇ ಇಯತ್ತೆಗೇ ಸಾಲೆ ಬಿಟ್ಟವಳ ಮನೆಯಿಂದ ಒಬ್ಬ ಅಕ್ಕೋರು ಹೊರಡುತ್ತಾಳೆಂದರೆ ಸಣ್ಣ ಮಾತಲ್ಲ.

ಈ ಗದ್ದಲದ ನಡುವೆ ಅವಳು ಸೋಮವಾರದ ಪಾಠಕ್ಕೆಂದು ಒಂದು ಹಿಡಿ ಬೇವಿನ ಚಿಗುರು ತಂದಳು. ಗಿಡಮರ ಕಾಪಾಡುವ ಪಾಠವಂತೆ, ಎಲೆಗಳನ್ನು ಹಾಳೆಗೆ ಅಂಟಿಸಿ ಮಕ್ಕಳಿಗೆ ತೋರಿಸಬೇಕಂತೆ. ತಮಾಷೆಗೆ ಒಂದೆಲೆ ಹಿಸುಕಿ ನನ್ನ ಮೂಗಿನ ಹತ್ತಿರ ಹಿಡಿದಳು. ಆ ಕಹಿ, ಹಸಿ ವಾಸನೆ... ತಿಕೋಟಾದ ಹೆಣ್ಣುಮಕ್ಕಳ ಸಾಲೆ, ಅದರ ಬರಿ ಬಯಲು, ಬಯಲಿನಲ್ಲಿ ಸೆರಗು ಸಿಕ್ಕಿಸಿ ನಿಂತ ನಮ್ಮ ಅಕ್ಕೋರು, ಎಲ್ಲ ಒಮ್ಮೆಲೇ ಎದುರಿಗೆ ಬಂದವು. ಅರವತ್ತು ವರ್ಷ ಮೇಲಾಯಿತು.

ಅಕ್ಕೋರು ಬಿಜಾಪುರದವರು. ಆಗ ನಮ್ಮ ಬಾಯಲ್ಲಿ ಅದು ಬಿಜಾಪುರವೇ. ತಿಕೋಟಾದಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಇರುತ್ತಿದ್ದರು. ಗಂಡ ಇದ್ದರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಸಾಲೆಯ ಬಯಲಿನಲ್ಲಿ ಒಂದು ನೆರಳಿರಲಿಲ್ಲ. ಅವರು ಎಲ್ಲಿಂದಲೋ ಒಂದು ಬೇವಿನ ಸಸಿ ತಂದು ನೆಟ್ಟರು. ನಮ್ಮ ಕೈಯಿಂದಲೇ ತಗ್ಗು ತೋಡಿಸಿದರು, ಜಾಲಿಯ ಒಣ ಮುಳ್ಳು ತರಿಸಿದರು. ತಮ್ಮ ಹಳೆಯ ಹಸಿರು ಸೀರೆಯ ದಡಿ ಹರಿದು, ಆ ಚಿಂದಿಯಿಂದ ಮುಳ್ಳನ್ನು ಸುತ್ತಲೂ ಬಿಗಿದು ಬೇಲಿ ಕಟ್ಟಿದರು. ಗಂಟು ಹಾಕಲು ಬೆರಳು ಕೊಟ್ಟವಳು ನಾನು.

ಗಿಡದ ಪಾಠವನ್ನು ಅವರು ಪುಸ್ತಕದಿಂದ ಹೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಕೊನೆಯ ಹುಡುಗಿಯ ಹೆಸರಿನ ಕೆಳಗೆ "ಬೇವಿನ ಗಿಡ" ಎಂದು ಪೆನ್ಸಿಲಿನಿಂದ ಬರೆದುಕೊಂಡಿದ್ದರು. ದಿನಾ ಮುಂಜಾನೆ ಅದರ ಹೆಸರನ್ನೂ ಕೂಗುತ್ತಿದ್ದರು.

"ಅದಕ್ಕ ಬಾಯಿಲ್ಲ. ಇವತ್ತ ಅದಕ್ಕ ನೀರ ಹಾಕಿದಾಕಿ ಯಾರದಾಳ, ಆಕಿ ಎದ್ದು ಹೇಳಬೇಕು."

ನೀರು ಹಾಕಿದವಳು ಎದ್ದು "ಹಾಜರ್‌ರಿ ಅಕ್ಕೋರ" ಅನ್ನಬೇಕು. ಯಾರೂ ಹಾಕಿರದಿದ್ದರೆ ಎಲ್ಲರೂ ಬಿಸಿಲಲ್ಲಿ ಅದರ ಪಕ್ಕ ಸ್ವಲ್ಪ ಹೊತ್ತು ನಿಲ್ಲಬೇಕು. ಸಿಟ್ಟಿನ ಶಿಕ್ಷೆಯಲ್ಲ ಅದು. ಅವರೂ ನಮ್ಮ ಜೊತೆ ನಿಲ್ಲುತ್ತಿದ್ದರು. "ಹೆಂಗ ಸುಡತೈತಿ ನೋಡ್ರಿ. ಅದು ದಿನಾ ಹಿಂಗ ನಿಂತಿರತೈತಿ" ಅನ್ನುತ್ತಿದ್ದರು.

ನಾನು ಮೂರನೇ ಇಯತ್ತೆ ಮುಗಿಸಿದ ವರ್ಷ ಮನೆಯಲ್ಲಿ ತಮ್ಮ ಹುಟ್ಟಿದ. ಅವ್ವ ಹೊಲಕ್ಕೆ ಹೋಗಬೇಕು, ಕೂಸನ್ನು ಹೊರಲು ಒಂದು ಸೊಂಟ ಬೇಕು. ಅದು ನನ್ನದಾಯಿತು. ಅಪ್ಪ ಸಾಲೆ ಬಿಡಿಸಿದ. ಮುಂಜಾನೆ ಬಾವಿಯಿಂದ ನೀರು, ಆಮೇಲೆ ಕೂಸು, ಆಮೇಲೆ ಹೊಸ್ತಿಲು. ಸಾಲೆಯ ಗಂಟೆ ನಮ್ಮ ಮನೆಗೆ ಕೇಳಿಸುತ್ತಿತ್ತು. ಆ ಗಂಟೆ ಹೊಡೆದಾಗೆಲ್ಲ ಕೂಸನ್ನು ಚಿವುಟಿ ಅಳಿಸುತ್ತಿದ್ದೆ. ಅದರ ದನಿಯಲ್ಲಿ ಗಂಟೆ ಮುಚ್ಚಿಹೋಗಲೆಂದು. ಇದನ್ನು ಬರೆಯಲು ನಾಚಿಕೆ, ಆದರೂ ನಿಜ.

ಒಂದು ದಿನ ಅಕ್ಕೋರು ಮನೆಗೇ ಬಂದರು. ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಅವರು ಸಾಲೆಯ ಮಾತೇ ಎತ್ತಲಿಲ್ಲ.

"ಬ್ಯಾಸಗಿ ಬಂತ್ರಿ ಯಜಮಾನ್ರ, ಸಾಲಿ ಗಿಡಕ್ಕ ನೀರಿಲ್ಲ. ನಿಮ್ಮ ಮಗಳು ಹೆಂಗೂ ಬಾವಿಗೆ ಹೋಗತಾಳ. ದಿನಾ ಒಂದು ಕೊಡಾ ಗಿಡಕ್ಕ ಹಾಕಿ ಬರ್ಲಿ."

"ಹಾಕ್ಲಿ ತಗೋರಿ" ಅಂದ ಅಪ್ಪ. "ಗಿಡಕ್ಕ ನೀರ ಹಾಕೂದು ಪುಣ್ಯದ ಕೆಲಸ. ಆದ್ರ ಮುಂದಿನ ಸಾಲಿ ಗೀಲಿ ಅನಬ್ಯಾಡ್ರಿ."

"ಇಲ್ರಿ. ಗಿಡ ದೊಡ್ಡದಾಗೂ ಮಟ ಅಷ್ಟ."

ಹೀಗೆ ಆ ಗಿಡ ನನ್ನನ್ನು ಸಾಲೆಗೆ ಕರೆದುಕೊಂಡು ಹೋಯಿತು. ತಲೆಯ ಮೇಲೆ ಕೊಡ, ಸೊಂಟದಲ್ಲಿ ತಮ್ಮ. ನೀರು ಹಾಕಿ ನಾನು ಬಾಗಿಲಲ್ಲಿ ನಿಲ್ಲುವೆ. "ನೀರ ಇಂಗಲಿ, ಅಲ್ಲಿ ಮಟ ಒಳಗ ಕುಂದರು" ಅನ್ನುವರು ಅಕ್ಕೋರು. ಆ ನೀರು ಇಂಗುವುದಕ್ಕೆ ಒಮ್ಮೊಮ್ಮೆ ಒಂದು ತಾಸು ಹಿಡಿಯುತ್ತಿತ್ತು. ಭಾಗಾಕಾರ ಕಲಿತದ್ದು ಹಾಗೆ. ಗಿಡ ನನ್ನ ಎದೆಯೆತ್ತರ ಬಂತು. ಅದು ಜೀವದಿಂದಿರುವವರೆಗೆ ನನಗೆ ಸಾಲೆ ಇತ್ತು. ಅದು ನನಗೂ ಗೊತ್ತಿತ್ತು, ಅಕ್ಕೋರಿಗೂ ಗೊತ್ತಿತ್ತು.

ಮರುವರ್ಷದ ಹೋಳಿ ಹುಣ್ಣಿಮೆ ಬಂತು. ನಮ್ಮ ಕಡೆ ಕಾಮಣ್ಣನನ್ನು ಸುಡಲು ಕಟ್ಟಿಗೆ, ಕುಳ್ಳು ಕದ್ದು ತಂದರೆ ಅದು ಕಳವಲ್ಲ. ಕಳೆದುಕೊಂಡವರು ಕೇಳುವಂತಿಲ್ಲ. ರಾಶಿಗೆ ಒಮ್ಮೆ ಹಾಕಿದ್ದನ್ನು ಯಾರೂ ತಿರುಗಿ ತೆಗೆಯುವಂತಿಲ್ಲ, ತೆಗೆದರೆ ಊರಿಗೇ ಕೇಡು. ಆ ವರ್ಷ ಮೇಲಿನ ಓಣಿಯವರ ರಾಶಿ ನಮ್ಮದಕ್ಕಿಂತ ಎತ್ತರವಾಗಿತ್ತು. ನಮ್ಮ ಅಣ್ಣ ನಮ್ಮ ಓಣಿಯ ಹುಡುಗರ ಮುಂದಾಳು. ಮಧ್ಯಾಹ್ನ ಬೆವರು ಸುರಿಸುತ್ತ ನನ್ನ ಹತ್ತಿರ ಬಂದ.

"ನಿಮ್ಮ ಸಾಲ್ಯಾಗ ಒಣಾ ಮುಳ್ಳು ಐತೆಲ್ಲ ಬೇ, ಅದನ್ನ ಬಿಚ್ಚಿ ಕೊಡು."

"ಅದು ಅಕ್ಕೋರ ಬೇಲಿ."

"ಕಾಮಣ್ಣಗ ಅಕ್ಕೋರೂ ಇಲ್ಲ, ಮಾಸ್ತರೂ ಇಲ್ಲ. ನಾಳಿ ಹೊಸಾ ಮುಳ್ಳು ಕಡದ ತಂದು ನಾನ ಕಟ್ಟತೇನಿ. ಒಂದ ದಿನದಾಗ ಗಿಡ ಎಲ್ಲಿ ಓಡಿ ಹೋಗತೈತಿ?" ಆಮೇಲೆ ದನಿ ಇಳಿಸಿ ಅಂದ, "ಇವತ್ತ ಕೂಸು ನಾ ಹೊರತೇನಿ. ನೀ ಆಡಾಕ ಹೋಗು."

ಕೂಸಿಲ್ಲದ ಸೊಂಟ ಹೇಗಿರುತ್ತದೆ ಎಂಬುದು ನನಗೆ ಮರೆತೇಹೋಗಿತ್ತು. ಹೋದೆ. ಗಂಟುಗಳು ನಾನೇ ಕಟ್ಟಿದವು, ಬಿಚ್ಚಲು ಹೊತ್ತು ಹಿಡಿಯಲಿಲ್ಲ.

ಹೊತ್ತು ಮುಳುಗುವ ಮೊದಲು ಅಕ್ಕೋರು ಎಣ್ಣೆ ತರಲು ರಾಶಿಯ ಮುಂದಿನ ದಾರಿಯಲ್ಲೇ ಬಂದರು. ರಾಶಿಯ ಮೇಲೆ ಮುಳ್ಳಿನ ನಡುವೆ ಹಸಿರು ದಡಿಯ ಚಿಂದಿಗಳು ಜೋತಾಡುತ್ತಿದ್ದವು. ಅವರು ನಿಂತರು. ಕೈ ಮುಂದೆ ಬಂದದ್ದನ್ನು ನಾನು ನೋಡಿದೆ.

"ಏನ್ರಿ ಅಕ್ಕೋರ, ಕಾಮಣ್ಣಗ ಕೈ ಮುಗಿಯಾಕ ಬಂದ್ರೇನು?" ಎಂದು ಹಿರಿಯರೊಬ್ಬರು ಕೇಳಿದರು. ಹಲಗೆ ಬಾರಿಸುತ್ತಿದ್ದವರು ನಕ್ಕರು.

ಪರ ಊರಿನ ಒಂಟಿ ಹೆಣ್ಣುಮಗಳು ಊರಿನ ಕಾಮಣ್ಣನ ಮೈಯಿಂದ ಮುಳ್ಳು ಕೀಳುವುದುಂಟೇ. ಮುಂದೆ ಬಂದ ಕೈಯನ್ನು ಇನ್ನೊಂದು ಕೈಗೆ ಜೋಡಿಸಿ, "ಹೂನ್ರಿ" ಅಂದರು. ಹೊರಡುವಾಗ ನನ್ನನ್ನು ನೋಡಿದರು. ನನ್ನ ಸೊಂಟ ಖಾಲಿ ಇರುವುದನ್ನೂ ನೋಡಿದರು.

ಆ ಸಂಜೆಯೇ ಗಿಡದ ಸುತ್ತ ಕಲ್ಲಿಟ್ಟು, ತಳವಿಲ್ಲದ ಹರಕು ಬುಟ್ಟಿಯೊಂದನ್ನು ಅದಕ್ಕೆ ತೊಡಿಸಿ ಹೋಗಿದ್ದರಂತೆ. ಮಾರನೇ ದಿನ ಬಣ್ಣ. ಆ ದಿನ ಒಂಟಿ ಹೆಂಗಸು ಬೀದಿಗೆ ಇಳಿಯುವಂತಿರಲಿಲ್ಲ, ಅವರು ಒಳಗಿನಿಂದ ಚಿಲಕ ಹಾಕಿಕೊಂಡು ಕೂತರು. ನನ್ನ ಸೊಂಟಕ್ಕೆ ಮತ್ತೆ ಕೂಸು ಬಂದಿತ್ತು. ಅಣ್ಣ ಬಣ್ಣದಲ್ಲಿ ಮುಳುಗಿ ಮುಳ್ಳಿನ ಮಾತೇ ಮರೆತ. ಆಡುಗಳಿಗೆ ಮಾತ್ರ ಹಬ್ಬವೂ ಇಲ್ಲ, ಸೂಟಿಯೂ ಇಲ್ಲ.

ಮೂರನೇ ದಿನ ನೀರು ಹೊತ್ತು ಹೋದಾಗ ಬುಟ್ಟಿ ಅತ್ತ ಬಿದ್ದಿತ್ತು. ಉಳಿದದ್ದು ಗೇಣುದ್ದದ ಬೊಡ್ಡೆ, ಅದರ ಸಿಪ್ಪೆಯನ್ನೂ ಆಡುಗಳು ಸುಲಿದಿದ್ದವು. ಒಳಗೆ ಅಕ್ಕೋರು ಹಾಜರಿ ಕೂಗುತ್ತಿದ್ದರು. ಕೊನೆಯ ಹುಡುಗಿ ಆಯಿತು, ರೂಢಿಯ ಮೇಲೆ ಬಾಯಿಗೆ ಬಂತು, "ಬೇವಿನ ಗಿಡ." ಯಾರೂ ಏಳಲಿಲ್ಲ... ನಾನು ಕೊಡ ಹೊತ್ತುಕೊಂಡೇ ಹೊರಗೆ ನಿಂತಿದ್ದೆ. ಅವರು ಪುಸ್ತಕ ಮುಚ್ಚಿದ ಸಪ್ಪಳ ಕೇಳಿಸಿತು.

ಅದೇ ವಾರ ಅವರು ಮತ್ತೆ ಮನೆಗೆ ಬಂದರು. ಮಳೆಗಾಲಕ್ಕೆ ಇನ್ನೊಂದು ಸಸಿ ಹಚ್ಚುತ್ತೇನೆ, ಅಲ್ಲಿಯವರೆಗೆ ಇವಳು ಬಂದು ಮಡಿ ಹದ ಮಾಡಲಿ ಎಂದು ಕೇಳಿದರು. ಅಪ್ಪನಿಗೆ ಗಿಡ ಹೋದದ್ದು ನಿಜವಾಗಿ ಕೆಟ್ಟೆನಿಸಿತ್ತು.

"ಬೇಲಿ ಯಾರ ಕಿತ್ತರ್ರಿ? ಹೆಸರ ಹೇಳ್ರಿ, ಚರ್ಮ ಸುಲೀತೇನಿ" ಅಂದ.

ಅಣ್ಣ ದನಕ್ಕೆ ಮೇವು ಹಾಕುವ ಗ್ವಾದಲಿಯ ಹಿಂದೆ ಸರಿದ. ನಾನು ಕೂಸನ್ನು ಎದೆಗೆ ಅವಚಿಕೊಂಡೆ. ಅಕ್ಕೋರು ನನ್ನನ್ನು ಒಮ್ಮೆ ನೋಡಿ, ಮೆಲ್ಲಗೆ ಅಂದರು:

"ಯಾರೂ ಕಿತ್ತಿಲ್ರಿ. ನಾನ ಸರಿ ಕಟ್ಟಿದ್ದಿಲ್ಲ."

ಅಪ್ಪ ಅವರ ಕಡೆ ತಿರುಗಿದ. "ಒಂದ ಗಿಡಕ್ಕ ಬೇಲಿ ಕಟ್ಟಾಕ ಬರೂದಿಲ್ಲ, ನನ್ನ ಮಗಳಿಗೆ ಏನ್ ಕಲಸ್ತೀರಿ ಅಕ್ಕೋರ? ಇನ್ನ ಆಕೀನ್ನ ಕಳಸೂದಿಲ್ಲ."

ನನ್ನ ಬಾಯಲ್ಲಿ ಮಾತಿತ್ತು. ನಾನು ಬಿಚ್ಚಿ ಕೊಟ್ಟೆ ಎಂದಿದ್ದರೆ ಹೊಡೆತ ಬೀಳುತ್ತಿತ್ತು, ಆದರೆ ಅವರ ಮೇಲಿನ ಆ ಮಾತು ನಿಲ್ಲುತ್ತಿತ್ತು. ಬಹುಶಃ ಸಾಲೆಯೂ ಉಳಿಯುತ್ತಿತ್ತು. ಅಕ್ಕೋರು ನನ್ನ ಮಾತಿಗೆ ಕಾದರು. ನನಗೆ ಈಗಲೂ ಅನಿಸುತ್ತದೆ, ಅವರು ಕಾದರು... ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಬಾಗಿಲನ್ನು ಯಾರೂ ಹಾಕಲಿಲ್ಲ, ಆದರೂ ನನ್ನ ಪಾಲಿಗೆ ಅದು ಮುಚ್ಚಿತು.

ಅವರಿಗೆ ಕನಮಡಿಗೆ ವರ್ಗವಾಯಿತು. ನಾನು ಮದುವೆಯಾಗಿ ಜೋರಾಪುರ ಪೇಟೆಗೆ ಬಂದೆ. ಅದು ಅವರ ತವರಿನ ಪೇಟೆ ಎಂದು ಗೊತ್ತಿದ್ದೂ ಯಾರನ್ನೂ ಕೇಳಲಿಲ್ಲ. ಒಮ್ಮೆ ನಳದ ಮುಂದೆ, ಭೂತನಾಳ ಕೆರೆಯ ನೀರಿಗೆ ಪಾಳಿ ಹಚ್ಚಿದಾಗ, ನೆರೆತ ಕೂದಲಿನ ಒಬ್ಬರು ಸೋರಿ ಹೋಗುವ ನೀರಿಗೆ ಬಕೆಟು ಇಡಿರೆಂದು ಹುಡುಗರಿಗೆ ಹೇಳುತ್ತಿದ್ದರು. ಅದೇ ದನಿ. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಪಾಳಿ ಬಿಟ್ಟು, ಖಾಲಿ ಕೊಡದೊಂದಿಗೆ ಮನೆಗೆ ಬಂದೆ. ಮುಂದೆ ಎರಡು ಓಣಿಯಾಚೆ ಅವರು ತೀರಿಕೊಂಡ ಸುದ್ದಿ ಬಂತು. ಆಗಲೂ ಹೋಗಲಿಲ್ಲ.

ನಿನ್ನೆ ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತಿದ್ದೆವು. ಮಗ, ಸೊಸೆ, ಮೊಮ್ಮಗಳು, ಸುದ್ದಿ ಕೇಳಿ ತಿಕೋಟಾದಿಂದ ಬಸ್ಸು ಹತ್ತಿ ಬಂದ ಅಣ್ಣ. ಮಾದಲಿ, ತುಪ್ಪ, ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ. ತಾಟಿನ ಮುಂದೆ ನನಗೆ ತಡೆಯಲಾಗಲಿಲ್ಲ. ಇಷ್ಟನ್ನೂ ಹೇಳಿದೆ, ಹುಟ್ಟಿದಾಗಿನಿಂದ ಮೊದಲ ಸಲ.

ಅಣ್ಣ ಮಾದಲಿಗೆ ಹಾಲು ಕಲಸಿಕೊಳ್ಳುತ್ತ ಅಂದ, "ಯಾವ ಮುಳ್ಳು ಬೇ? ಕಾಮಣ್ಣಗ ಹಾಕಿದ್ದು ಏನೇನಂತ ನೆನಪಿಡ್ಲಿ ನಾನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ತಪ್ಪೇನಿಲ್ಲ. ಆದರೆ ಆ ಗಿಡವನ್ನು ಬಲ್ಲವರು ಈಗ ನಾನೊಬ್ಬಳೇ ಎಂದು ಆಗ ತಿಳಿಯಿತು.

ಮೊಮ್ಮಗಳು ಮಾತ್ರ ನಗಲಿಲ್ಲ. ತನ್ನ ತಾಟು ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು.

"ಅಜ್ಜಿ, ಸೋಮವಾರ ನೀನೂ ಬಬಲೇಶ್ವರಕ್ಕ ಬಾ. ಇದನ್ನ ಹುಡುಗರಿಗೆ ನೀನ ಹೇಳು. ನಾ ಹೇಳಿದ್ರ ಅದು ಬರೇ ಪಾಠ ಆಕ್ಕೈತಿ."

ಹೋಗುತ್ತೇನೆ ಅಂದೆ. ಮಕ್ಕಳಿಗೆ ಹೇಳಬಹುದು. ಕೇಳಬೇಕಾಗಿದ್ದ ಒಬ್ಬರು ಮಾತ್ರ ಇಲ್ಲ...

"ರೊಟ್ಟಿ ಆರಾಕತ್ತಾವ, ಉಣ್ರಿ ಎಲ್ಲಾರೂ" ಅಂದಳು ಸೊಸೆ. ಉಂಡೆವು.