ಅಧ್ಯಕ್ಷರನ್ನು ಕೂಲಿಗೆ ಕರೆಯುವುದು ಹೇಗೆ

ಮೊನ್ನೆ ಚಿಕ್ಕೋಡಿ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕುಳಿತ ಹೆಂಗಸಿನ ಸೀರೆಯಿಂದ ಒಣ ತಂಬಾಕಿನ ಘಾಟು ಬಂತು. ನಿಪ್ಪಾಣಿ ಸುತ್ತಿನವರಿಗೆ ಅದೇನು ಹೊಸದಲ್ಲ. ಒಂದೆರಡು ಸೀನು ಬರುತ್ತವೆ, ಆಮೇಲೆ ಮರೆತುಹೋಗುತ್ತದೆ. ನನಗೆ ಮಾತ್ರ ಅಂದು ಮರೆಯಲಾಗಲಿಲ್ಲ. ಎದುರು ಮನೆಯ ವೈನಿ ಸಂಜೆ ಕೆಲಸ ಮುಗಿಸಿ ಬರುವಾಗ ಓಣಿಗೆಲ್ಲ ಹಂಚುತ್ತ ಬರುತ್ತಿದ್ದ ವಾಸನೆ ಅದು...

ವೈನಿ ಎಂದರೆ ನನ್ನ ಸ್ವಂತ ಅಣ್ಣನ ಹೆಂಡತಿಯಲ್ಲ. ಆಕೆಯ ಗಂಡನನ್ನು ಅಣ್ಣಾ ಎನ್ನುತ್ತಿದ್ದೆ, ಹಾಗಾಗಿ ಆಕೆ ವೈನಿ. ಅಣ್ಣನಿಗೆ ಸೊಂಟ ಬಿದ್ದುಹೋಗಿ ಒಂದು ಎಮ್ಮೆ ಮೇಯಿಸುವುದಷ್ಟೇ ಕೈಲಾಗುತ್ತಿತ್ತು. ಮನೆ ನಡೆಯುತ್ತಿದ್ದುದು ವೈನಿಯ ಕೂಲಿಯಿಂದ. ಕಬ್ಬಿನ ಕಳೆ, ಅರಿಶಿನ ಕೀಳುವುದು, ತಂಬಾಕಿನ ಕುಡಿ ಚಿವುಟುವುದು, ಯಾವುದಕ್ಕೂ ಇಲ್ಲವೆಂದವಳಲ್ಲ.

ನಮ್ಮೂರಲ್ಲಿ ಕೂಲಿ ಸಿಗುವುದು ಸಂಜೆ. ಆಳು ಹೇಳುವ ಮುದುಕಿ ದೀಪ ಹಚ್ಚುವ ಹೊತ್ತಿಗೆ ಮನೆಮನೆಯ ಮುಂದೆ ನಿಂತು, "ನಾಳೆ ಇಂಥವರ ಹೊಲಕ್ಕ ಬಾ ಬೇ" ಎಂದು ಕೂಗಿ ಹೋಗುತ್ತಾಳೆ. ಕೂಗಿದವರಿಗೆ ಕೆಲಸ, ಕೂಗದವರಿಗೆ ಮರುದಿನ ಇಲ್ಲ. ತಾನಾಗಿ ಹೋಗಿ ಹೊಲದ ಬದುವಿಗೆ ನಿಂತರೆ ಯಾರೂ ಸೇರಿಸಿಕೊಳ್ಳುವುದಿಲ್ಲ, ಮುದುಕಿಗೆ ಅವಮಾನ ಮಾಡಿದಂತಾಗುತ್ತದೆ.

ಆ ಸಲ ಪಂಚಾಯತಿ ಅಧ್ಯಕ್ಷ ಸ್ಥಾನ ವೈನಿಯವರ ಸಮಾಜದ ಹೆಂಗಸಿಗೆ ಮೀಸಲಾಯಿತು. ಮೆಂಬರಾಗಿ ಗೆದ್ದವರಲ್ಲಿ ಅಂಥವಳು ಆಕೆಯೊಬ್ಬಳೇ, ಹೀಗಾಗಿ ಕುರ್ಚಿ ಬಂದು ಕಾಲಿಗೆ ಬಿತ್ತು. ಓಣಿಯ ಹೆಂಗಸರ ರವಿಕೆ ಹೊಲಿಯುವವಳು ನಾನು, ಕುರ್ಚಿಯ ಮೇಲೆ ಕೂರುವ ದಿನಕ್ಕೆ ಆಕೆಗೆ ಜಂಪರ್ ಹೊಲಿದುಕೊಟ್ಟವಳೂ ನಾನೇ. ಕನ್ನಡಿ ಮುಂದೆ ನಿಂತು, "ಯವ್ವಾ, ಇದು ಹಾಕ್ಕೊಂಡ್ರ ತೋಳ ಎತ್ತಾಕ ಬರೂದಿಲ್ಲ, ಕಳೆ ಹ್ಯಾಂಗ್ ತೆಗೀಲಿ?" ಎಂದು ನಕ್ಕಿದ್ದಳು. ಗುಲಾಲು ಹಾರಿತು, ಓಣಿಗೆ ಪೇಡೆ ಹಂಚಿದರು.

ಅಂದು ಸಂಜೆ ಆಳು ಹೇಳುವ ಮುದುಕಿ ವೈನಿಯ ಬಾಗಿಲು ದಾಟಿ ಮುಂದಿನ ಮನೆಗೆ ಹೋದಳು. ಮರುದಿನವೂ ಹಾಗೇ. ನಾನು ತಡೆದು ಕೇಳಿದೆ.

"ಹುಚ್ಚಿ ಇದ್ದೀಯೇನ ಬೇ? ಊರ ಅಧ್ಯಕ್ಷರಿಗೆ ನಾಳೆ ಕಳೆ ತೆಗ್ಯಾಕ ಬಾ ಅಂತ ಹ್ಯಾಂಗ್ ಅನ್ನಲಿ? ನನ್ನ ನಾಲಿಗಿ ಏಳೂದಿಲ್ಲ" ಎಂದಳು ಮುದುಕಿ.

ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ದ್ವೇಷವಿರಲಿಲ್ಲ. ಮುದುಕಿ ನಿಜವಾಗಿಯೂ ಮರ್ಯಾದೆ ಕೊಡುತ್ತಿದ್ದಳು. ನನಗೆ ಸಿಟ್ಟು ಬಂದದ್ದೂ ಅದಕ್ಕೇ, ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯಲಿಲ್ಲ. ವೈನಿ ದಿನಾ ಆ ಹೊತ್ತಿಗೆ ಹೊಸ್ತಿಲ ಮೇಲೆ ಕುಳಿತು ಅಕ್ಕಿ ಆರಿಸುವಂತೆ ನಟಿಸುತ್ತಿದ್ದಳು. ಮುದುಕಿ ಬಾಗಿ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದಳು. ಸರ್ಕಾರ ಕೊಡುವ ಗೌರವಧನ ತಡವಾಗಿ ಬರುತ್ತಿತ್ತು, ಬಂದಾಗ ಕಿರಾಣಿ ಅಂಗಡಿಗೂ ಸಾಲುತ್ತಿರಲಿಲ್ಲ.

ಆಮೇಲೆ ಗ್ರಾಮಸಭೆ. ಶಾಲೆಯ ಅಂಗಳದಲ್ಲಿ ಊರೆಲ್ಲ ಸೇರಿತ್ತು. ನೀರಾವರಿ ಹೊಲವಿದ್ದ ಒಬ್ಬ ಹಿರಿಯ ಮೆಂಬರ್ ಎದ್ದು, "ನಾವು ಸೇವಾ ಮಾಡಾಕ ಬಂದವರು, ಪಗಾರಕ್ಕ ಬಂದವರಲ್ಲ. ಮೆಂಬರ್ ಎಲ್ಲಾರ ಗೌರವಧನಾ ಊರ ಮುಂದ ಕಮಾನ ಕಟ್ಟಾಕ ಬಿಟ್ಟೀವಿ ಅಂತ ಠರಾವ ಮಾಡೋಣು" ಎಂದರು. ಚಪ್ಪಾಳೆಯೋ ಚಪ್ಪಾಳೆ. ಉಳಿದ ಮೆಂಬರುಗಳೂ ಕೈ ಎತ್ತಿದರು. ಹೊಟ್ಟೆ ತುಂಬಿದವರಿಗೆ ಉಪವಾಸ ಎಷ್ಟು ಸಲೀಸು!

ವೈನಿ ಎದ್ದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದದ್ದು ನನಗೆ ಕಂಡಿತು.

"ಕಮಾನ ಆಗಲಿ, ನಾ ಬ್ಯಾಡ ಅನ್ನೂದಿಲ್ಲ. ಖರೆ ನನ್ನ ರೊಕ್ಕಾ ನಾ ಬಿಡೂದಿಲ್ರಿ. ನೀವು ಇಲ್ಲಿ ಕುಂತಾಗೂ ನಿಮ್ಮ ಹೊಲದಾಗ ಕಬ್ಬ ಬೆಳೀತೈತಿ. ನಾ ಇಲ್ಲಿ ಕುಂತ್ರ ನಮ್ಮ ಮನ್ಯಾಗ ಒಲಿ ಹತ್ತೂದಿಲ್ಲ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಂದಿನಿಂದ ಆಕೆ ಊರ ಬಾಯಲ್ಲಿ ಪಗಾರದ ಅಧ್ಯಕ್ಷಿ. ಕಮಾನು ಇಂದಿಗೂ ಎರಡು ಕಂಬಗಳಾಗಿ ನಿಂತಿದೆ, ಆ ಮಾತು ಬೇರೆ.

ಕೆಲವು ದಿನಗಳ ನಂತರ ವೈನಿ ಮುಂಜಾನೆಯ ಮೊದಲ ಬಸ್ಸಿಗೆ ಮುಖದ ತುಂಬ ಸೆರಗು ಹೊದ್ದು ಹೋಗತೊಡಗಿದಳು. ಗಡಿ ದಾಟಿ ಮಹಾರಾಷ್ಟ್ರದ ಒಂದು ಹಳ್ಳಿಗೆ, ತಂಬಾಕಿನ ಕೆಲಸಕ್ಕೆ. ಅಲ್ಲಿ ಆಕೆ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಪಂಚಾಯತಿಯಲ್ಲಿ ಸಹಿಗೆ ಕಾದವರು ಗೊಣಗಿದರು, ಸಭೆಗಳು ಮುಂದೆ ಹೋದವು. ನಳದ ರಿಪೇರಿ ನಿಂತಾಗ ನಾನೂ ಗೊಣಗಿದವಳೇ. ಕೊನೆಗೆ ಅವಿಶ್ವಾಸ ಠರಾವು ತಂದು ಇಳಿಸಿದರು.

ಇಳಿದ ಸಂಜೆ ವೈನಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಕಂಡೆ. "ಇನ್ನರ ಆಳ ಹೇಳಾಕ ಬರತಾಳ ನೋಡು" ಎಂದು ಹೊಸ್ತಿಲ ಮೇಲೆ ಕುಳಿತಳು. ಮುದುಕಿ ಬಂದಳು, "ಶರಣ್ರಿ ಮಾಜಿ ಅಧ್ಯಕ್ಷರ" ಎಂದು ಕೈ ಮುಗಿದಳು, ಮುಂದಿನ ಮನೆಗೆ ಹೋದಳು.

ಎಮ್ಮೆ ಮಾರಿ, ಮನೆಗೆ ಬೀಗ ಹಾಕಿ, ಗಂಡ ಹೆಂಡತಿ ಗಡಿಯಾಚೆಯ ಆ ಹಳ್ಳಿಗೇ ಹೋಗಿಬಿಟ್ಟರು. ಒಂದೆರಡು ಮಳೆಗಾಲ ಕಳೆದ ಮೇಲೆ ಸುದ್ದಿ ಬಂತು. ವೈನಿ ಎದೆನೋವು ಎಂದಳಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ... ನಾನು ಮಣ್ಣಿಗೆ ಹೋದೆ. ಅಂಗಳದಲ್ಲಿ ಆಕೆಯ ಜೊತೆ ತಂಬಾಕು ಮಾಡುತ್ತಿದ್ದ ಹೆಂಗಸರು ಕುಳಿತಿದ್ದರು. ನಾನು ಅಳುತ್ತ, "ನಮ್ಮೂರ ಅಧ್ಯಕ್ಷಿ ಆಗಿದ್ಲು" ಎಂದೆ.

"ಕಾಯ್ ಸಾಂಗ್ತಾಯ್ ಬಾಯಿ!" ಎಂದು ಒಬ್ಬಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಏನ ಹೇಳಾಕತ್ತೀರಿ? ಮಗ್ಗಲಕ್ಕ ಕುಂತು ರೊಟ್ಟಿ ತಿಂದಾಕಿ, ನಮಗ ಒಮ್ಮೆನೂ ಹೇಳಲಿಲ್ಲಲ್ರೀ."

ಆಗ ಅದು ನನಗೆ ಅರ್ಥವಾಗಿರಲಿಲ್ಲ. ಇಷ್ಟು ದೊಡ್ಡ ಮಾತನ್ನು ಮುಚ್ಚಿಡುವುದೇಕೆ ಎಂದು ಬೇಜಾರೇ ಆಗಿತ್ತು.

ಈ ಸಲ ನಮ್ಮ ವಾರ್ಡು ಹೆಂಗಸರಿಗೆ ಬಂತು, ಎಲ್ಲರೂ ಸೇರಿ ನನ್ನನ್ನು ನಿಲ್ಲಿಸಿದರು, ಗೆದ್ದೆ. ಗೆದ್ದಾಗಿನಿಂದ ಹೊಲಿಗೆಗೆ ಬರುವವರು ಕಡಿಮೆಯಾಗಿದ್ದಾರೆ. ಪಕ್ಕದ ಓಣಿಯವಳೊಬ್ಬಳು ಬಾಯಿಬಿಟ್ಟು ಹೇಳಿದಳು: "ತೋಳ ಬಿಗಿ ಆಗ್ಯಾವು, ಬಿಚ್ಚಿ ಹೊಲಿ ಅಂತ ಮೆಂಬರ್ರಿಗೆ ಹ್ಯಾಂಗ್ ಅನ್ನೂದ್ರಿ?" ಮಷೀನಿನ ಮೇಲೆ ಧೂಳು ಕೂತಿದೆ. ಮೊನ್ನೆ ಬಸ್ಸು ಹತ್ತಿದ್ದೂ ಗೌರವಧನ ಹೆಚ್ಚಿಸಬೇಕೆಂದು ಕೇಳಲು ಹೊರಟ ಮೆಂಬರುಗಳನ್ನು ಚಿಕ್ಕೋಡಿಯಲ್ಲಿ ಕೂಡಿಕೊಳ್ಳುವುದಕ್ಕೆ. ಮುಂದಾಳು ಅದೇ ಕಮಾನಿನ ಹಿರಿಯರು. ಅವರ ಮಗ ಈಗ ಮೆಂಬರ್.

ಈ ಮಾತನ್ನೆಲ್ಲ ವೈನಿಗೆ ಹೇಳಿ ಇಬ್ಬರೂ ಹೊಟ್ಟೆ ಹಿಡಿದು ನಗಬೇಕಿತ್ತು. ಹೇಳಲು ಆಕೆ ಇಲ್ಲ. ಎದುರು ಮನೆಯ ಬೀಗಕ್ಕೆ ತುಕ್ಕು ಹಿಡಿದಿದೆ.

ಮೊನ್ನೆ ಬಸ್ಸು ಊರ ಹೊರಗಿನ ತಿರುವು ದಾಟುವಾಗ ಪಕ್ಕದ ಆ ಗುರುತಿಲ್ಲದ ಹೆಂಗಸು ನನ್ನ ಕಡೆ ತಿರುಗಿ ಕೇಳಿದಳು.

"ಅಕ್ಕಾರ, ನೀವು ಏನ ಕೆಲಸಾ ಮಾಡತೀರಿ?"

"ಜಂಪರ್ ಹೊಲೀತೇನ್ರಿ" ಎಂದೆ.

"ಹೌದೇನ್ರಿ? ನನ್ನವೂ ಎರಡ ಅದಾವು. ಹೊಲಿದ ಕೊಡತೀರೇನು?"

"ಕೊಡತೇನ್ರಿ. ಬರ್ರಿ ಮನಿಗೆ" ಎಂದೆ. ಮೆಂಬರ್ ಎನ್ನುವ ಮಾತು ನನ್ನ ಬಾಯಿಂದಲೂ ಹೊರಡಲಿಲ್ಲ.